ಶ್ರಾವಣಕ್ಕೆ ಮೊದಲಿನ ಭಾನುವಾರ

ಆಷಾಢದ ಕೊನೆಯ ಭಾನುವಾರ. ಬೆಳಗಿನಿಂದ ಜಿನುಗುತ್ತಿದ್ದ ಮಳೆ ನಿಂತಿದೆಯೋ ಇಲ್ಲವೋ ಎಂದು ಕೈ ಚಾಚಿ ನೋಡಬೇಕು, ಅಷ್ಟು ಸಣ್ಣಗಾಗಿದೆ. ಮೈಸೂರಿನ ಯಾದವಗಿರಿಯ ಮರಗಳು ಮಾತ್ರ ಎಲೆಯಿಂದ ಎಲೆಗೆ ನೀರು ದಾಟಿಸುತ್ತ ತಮ್ಮದೇ ಮಳೆ ಸುರಿಸುತ್ತಿವೆ. ರೈಲು ನಿಲ್ದಾಣದ ಕಡೆಯಿಂದ ಉದ್ದನೆಯ ಒಂದು ಕೂಗು. ಒಳರಸ್ತೆಗೆ ತಿರುಗಿದರೆ ಒಂದು ಮನೆಯಿಂದ ಇಂಗಿನ ಒಗ್ಗರಣೆ, ಇನ್ನೊಂದರಿಂದ ಊದುಬತ್ತಿ, ಮತ್ತೊಂದರಿಂದ ಆಗಷ್ಟೇ ಇಳಿದ ಡಿಕಾಕ್ಷನ್. ನಾವು ಹೋಗಬೇಕಾದ ಮನೆಯಿಂದ ಇನ್ನೂ ಯಾವ ವಾಸನೆಯೂ ಎದ್ದಿಲ್ಲ. ಚಪ್ಪಲಿ ಕೆಳಗೇ ಬಿಟ್ಟು, ಸದ್ದಾಗದ ಹಾಗೆ ಮೆಟ್ಟಿಲು ಹತ್ತಿ ಬನ್ನಿ.

ಅಕ್ಕನ ಸಂಸಾರ ಮಹಡಿಯ ಬಾಡಿಗೆ ಮನೆಯಲ್ಲಿ. ಕೆಳಗಿರುವವರು ಮನೆಯ ಯಜಮಾನಿ ಅಜ್ಜಿ. ವಾರದಲ್ಲಿ ಮೂರು ದಿನ ಈರುಳ್ಳಿಯನ್ನೂ ಮುಟ್ಟದವರು. ಮನೆ ಕೊಡುವಾಗ, "ಮಾಡ್ಕೊಳ್ಳಿ, ನಂಗೆ ಗೊತ್ತಾಗ್ಬಾರ್ದು ಅಷ್ಟೇ" ಎಂದಿದ್ದರಂತೆ. ಕರಾರುಪತ್ರದಲ್ಲಿ ಇಲ್ಲದ ಆ ಒಂದು ಮಾತನ್ನು ಎರಡೂ ಮನೆಯವರು ಆರು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ. ಆದ್ದರಿಂದ ಇಲ್ಲಿ ಆಮ್ಲೆಟ್ ಶುರುವಾಗುವುದೇ ಕಿಟಕಿಯಿಂದ. ಅಜ್ಜಿಯ ತುಳಸಿಕಟ್ಟೆಯ ಕಡೆಗಿರುವುದನ್ನು ಮುಚ್ಚಬೇಕು, ರಸ್ತೆ ಕಡೆಯದನ್ನು ಪೂರ್ತಿ ತೆರೆಯಬೇಕು.

ಆಮೇಲೆ ಹಿಂದಿನ ಬಾಲ್ಕನಿಯ ಗೂಡಿನಿಂದ ಮೊಟ್ಟೆ ಕಾವಲಿ ಒಳಗೆ ಬರುತ್ತದೆ. ಅದಕ್ಕೆ ಅದರದೇ ಮಗುಚುವ ಕೈ, ಅದರದೇ ಬಟ್ಟಲು, ಉಜ್ಜಲು ಅದರದೇ ನಾರು. ದೋಸೆ ಕಾವಲಿಯ ಹತ್ತಿರಕ್ಕೂ ಇದು ಸುಳಿಯುವಂತಿಲ್ಲ. ಮಂಗಳವಾರದ ದೋಸೆಗೆ ಮೊಟ್ಟೆ ವಾಸನೆ ಹತ್ತಿತೋ, ಭಾವ ತಟ್ಟೆ ಸರಿಸಿ ಎದ್ದುಬಿಡುತ್ತಾರೆ. ಭಾನುವಾರ ಎರಡು ಆಮ್ಲೆಟ್ ಇಳಿಸುವವರೂ ಅವರೇ ಎಂಬುದು ಬೇರೆ ಮಾತು.

"ಸುಮ್ನೆ ನಿಂತ್ಕೋಬೇಡ, ಈರುಳ್ಳಿ ಹೆಚ್ಕೊಡು. ಸಣ್ಣಕ್ಕಿರಲಿ," ಎಂದಳು ಅಕ್ಕ. ಕುಳಿತೆ. ಸಾಂಬಾರ್ ಈರುಳ್ಳಿ ಐದು, ಹಸಿಮೆಣಸಿನಕಾಯಿ ಮೂರು, ಒಂದು ಹಿಡಿ ಕೊತ್ತಂಬರಿ. ಮೂಲೆಯ ರೇಡಿಯೊದಲ್ಲಿ 100.6ರ ಆಕಾಶವಾಣಿ ಸಣ್ಣಗೆ ಹಾಡುತ್ತಿದೆ. ನಿಲಯ ಇರುವುದು ಇದೇ ಬಡಾವಣೆಯಲ್ಲಿ, ನಡೆದೇ ಹೋಗುವಷ್ಟು ಹತ್ತಿರ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ 'ವಿಠ್ಠಲ ವಿಹಾರ'ದಲ್ಲಿ ಸಣ್ಣದೊಂದು ಪ್ರಸಾರ ಯಂತ್ರ ಇಟ್ಟುಕೊಂಡು ಶುರುಮಾಡಿದ್ದು ಅದು. ಒಬ್ಬರ ಮನೆಯಿಂದ ಹೊರಟ ಆ ದನಿ ಈಗ ಅಕ್ಕನ ಅಡುಗೆಮನೆಯಲ್ಲಿ ಚಾಕುವಿನ ಟಕಟಕಕ್ಕೆ ತಾಳ ಕೂಡಿಸುತ್ತಿದೆ.

ಮೆಣಸಿನಕಾಯಿಯ ಬೀಜ ಉದುರಿಸಲು ಹೋದೆ. ಖಾರ ಇರುವುದು ಬೀಜದಲ್ಲಿ ಎಂದು ನಾನು ನಂಬಿದ್ದೆ. ಹಾಸ್ಟೆಲಿನಿಂದ ಬಂದಿದ್ದ ಅಕ್ಕನ ಮಗಳು ತಡೆದು, ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡನ್ನು ಉಗುರಿನಿಂದ ತೋರಿಸಿದಳು. "ಮಾಮ, ಖಾರ ಹುಟ್ಟೋದೇ ಇಲ್ಲಿ." ಹಾಗೆ ತೋರಿಸಿದ ಬೆರಳಿನಲ್ಲೇ ಕಣ್ಣುಜ್ಜಿಕೊಂಡು ನಲ್ಲಿಗೆ ಓಡಿದಳು.

ಮೊಟ್ಟೆ ಇದ್ದದ್ದು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗಿಳಿಸಿದ ಪೊಟ್ಟಣದಲ್ಲಿ. ಅಜ್ಜಿಯ ಗೇಟು ದಾಟಿಸುವ ಪೋಷಾಕು ಅದು. ಅಕ್ಕ ಒಂದೊಂದನ್ನೇ ಬಟ್ಟಲಂಚಿಗೆ ಬಡಿದು ಒಡೆದಳು. ಮೂರು ಹಳದಿ ಚಂಡುಗಳು ಜಾರಿ ಒಂದನ್ನೊಂದು ತಗುಲಿ ನಿಂತವು. ಸುಮಾರು 50 ಗ್ರಾಂ ತೂಗುವ ಮೊಟ್ಟೆಯೊಂದರಲ್ಲಿ ಆರು ಗ್ರಾಂ ಪ್ರೋಟೀನು. ಅವಳು ನೋಡುವುದು ಮಾತ್ರ ಹಳದಿ ಒಡೆಯದೆ ಬಿತ್ತೇ ಎಂದು. ಚಿಟಿಕೆ ಅರಿಶಿನ, ಕುಟ್ಟಿದ ಕಾಳುಮೆಣಸು, ಹೆಚ್ಚಿದ್ದೆಲ್ಲ ಬಿದ್ದು, ಚಮಚ ತಿರುಗಿ, ಮೇಲೆ ನೊರೆ ಕಟ್ಟಿತು. ಉಪ್ಪಿನ ಡಬ್ಬಿಗೆ ಕೈ ಹಾಕಿದವಳು ಅರ್ಧಕ್ಕೇ ತಡೆದಳು. ಮೇಲೆ ಬೀಳಲಿರುವ ಚೀಸ್‌ನಲ್ಲೇ ಉಪ್ಪಿದೆ.

ಆ ಚೀಸ್ ಬೆಳ್ಳಿ ಕಾಗದ ಸುತ್ತಿದ 25 ಗ್ರಾಮಿನ ಪುಟ್ಟ ಕ್ಯೂಬು. ನಿಘಂಟುಗಳು ಚೀಸ್‌ಗೆ ಗಿಣ್ಣು ಎಂದು ಅರ್ಥ ಕೊಡುವುದನ್ನು ಕಂಡಾಗಲೆಲ್ಲ ನನಗೆ ನಗು. ಹಸು ಕರು ಹಾಕಿದ ಮನೆಯಿಂದ ಬೆಲ್ಲ, ಏಲಕ್ಕಿ ಬೆರೆತು ಬರುತ್ತಿದ್ದ ಗಿಣ್ಣೆಲ್ಲಿ, ತುರಿಯುವ ಮಣೆಯಿಂದ ಹಳದಿ ಎಳೆಯಾಗಿ ಉದುರುವ ಇದೆಲ್ಲಿ! ಹಾಲಿನ ಡಬ್ಬಿಗಳಿಗೂ ಈ ಪ್ರದೇಶಕ್ಕೂ ಒಂದು ಹಳೆಯ ನಂಟಂತೂ ಇದೆ. 1950ರಲ್ಲಿ ಇಲ್ಲೇ ಪಕ್ಕದ ಚೆಲುವಾಂಬ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಎಳೆಮಕ್ಕಳ ಆಹಾರ ತಯಾರಿಸುವ ವಿಧಾನ ಕಂಡುಹಿಡಿಯಿತು. ಅದು ಗುಜರಾತಿನ ಆನಂದ್‌ಗೆ ಹೋಗಿ ಅಮುಲ್ ಡಬ್ಬಿಯಾಗಿ ದೇಶದ ಮನೆಮನೆಗೆ ಬಂತು.

ಕಾವಲಿಯ ಎಣ್ಣೆ ಅಲೆಯಾಡಿತು. ಬಟ್ಟಲು ಬಗ್ಗಿದ್ದೇ ಚುಯ್ ಎಂಬ ಸದ್ದು, ಅಂಚಿನಲ್ಲಿ ಲೇಸಿನಂಥ ಸುಕ್ಕು. ಅಕ್ಕ ತಕ್ಷಣ ಉರಿ ತಗ್ಗಿಸಿದಳು. ಬಿಳಿ 60 ಡಿಗ್ರಿ ದಾಟುತ್ತಲೇ ಬಿಗಿಯತೊಡಗುತ್ತದೆ, ಹಳದಿ ಅದಕ್ಕಿಂತ ಕೊಂಚ ಮೇಲೆ. ಉರಿ ಜೋರಾದರೆ ಎರಡೂ ಸೇರಿ ರಬ್ಬರು. ಮೇಲ್ಮೈ ಇನ್ನೂ ಒದ್ದೆಯಾಗಿ ಹೊಳೆಯುತ್ತಿರುವಾಗಲೇ ಚೀಸ್ ತುರಿ ಅರ್ಧಕ್ಕೆ ಉದುರಿತು, ಮಿಕ್ಕರ್ಧ ಅದರ ಮೇಲೆ ಮಡಿಚಿ ಕುಳಿತಿತು. ಈಗ ಎದ್ದಿತು ನೋಡಿ, ಸುಟ್ಟ ಈರುಳ್ಳಿ, ಹಸಿಮೆಣಸಿನಕಾಯಿ, ಕರಗುವ ಹಾಲಿನ ಕೊಬ್ಬು ಒಟ್ಟಿಗೆ ಸೇರಿದ ವಾಸನೆ. ರಸ್ತೆ ಕಡೆಯ ಕಿಟಕಿಯಿಂದ ಅದು ಹೊರಟಿತು. ಗಾಳಿ ಹೀಗೇ ಬೀಸಿದರೆ ವಿವೇಕಾನಂದ ರಸ್ತೆಯಲ್ಲಿ, 1950ರ ದಶಕದ ಆದಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ, 2016ರಿಂದ ವಸ್ತುಸಂಗ್ರಹಾಲಯವಾಗಿರುವ ಮನೆಯವರೆಗೂ ಹೋದೀತು. ಮೊಸರನ್ನ, ಕಾಫಿಯ ಮನುಷ್ಯ ಅವರು. ಮಹಡಿಯ ಆ ಬಾಗಿದ ಕಿಟಕಿಯಲ್ಲಿ ಕುಳಿತು ಮೂಗು ಮುಚ್ಚಿಕೊಳ್ಳುತ್ತಿದ್ದರೋ, ಮಾಲ್ಗುಡಿಯಲ್ಲೊಂದು ಮಹಡಿ ಬಾಡಿಗೆಗೆ ಕೊಡುತ್ತಿದ್ದರೋ.

ಮೊದಲ ತುತ್ತಿಗೆ ಚೀಸ್ ಎಳೆಎಳೆಯಾಗಿ ಜೋತಿತು. ಮೊದಲು ಹಾಲಿನ ಮೆತ್ತನೆ, ಆಮೇಲೆ ಕಿವಿಯ ಹಿಂದಿನಿಂದ ಬಂದಂತೆ ಖಾರ. ಸುಡುಬಿಸಿಯನ್ನು ಗುರುತಿಸುವ ನರದ ತುದಿಗೇ ಮೆಣಸಿನಕಾಯಿ ತಟ್ಟುತ್ತದಂತೆ. ನಾಲಿಗೆ ನಿಜಕ್ಕೂ ಸುಟ್ಟಿತೆಂದೇ ಮಿದುಳು ಗಾಬರಿಯಾಗುತ್ತದೆ. ಆ ಖಾರ ನೀರಿಗೆ ಜಗ್ಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ, ಹಾಲಿನ ಪ್ರೋಟೀನು ಅದನ್ನು ಹಿಡಿದೆಳೆಯುತ್ತದೆ. ಮೂರು ಮೆಣಸಿನಕಾಯಿಯ ಆಮ್ಲೆಟ್ಟನ್ನು ಭಾವ ಕಣ್ಣಲ್ಲಿ ನೀರಿಲ್ಲದೆ ಮುಗಿಸಿದ ಗುಟ್ಟು ಅದು. ಜೊತೆಗಿದ್ದ ಬ್ರೆಡ್ಡು ಅಯ್ಯಂಗಾರ್ ಬೇಕರಿಯದು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕಪ್ಪು ಕವರು ಖಾಲಿ. ಇನ್ನು ಶ್ರಾವಣ, ಆಮೇಲೆ ಗೌರಿ, ಗಣಪತಿ. ಅಲ್ಲಿಯವರೆಗೆ ಈ ಮನೆಗೂ ಮೊಟ್ಟೆ ಬರುವುದಿಲ್ಲ. ಅಕ್ಕ ಕಾವಲಿ ಉಜ್ಜಿ, ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿದಳು. ಸ್ಟೂಲು ಹತ್ತಿ ಅಟ್ಟಕ್ಕೆ ಸರಿಸುವಾಗ ಕೆಳಗಿನಿಂದ ದನಿ ಬಂತು.

"ಏನಮ್ಮಾ, ಶ್ರಾವಣ ಯಾವತ್ತಿಂದ?"

"ಭೀಮನ ಅಮಾವಾಸ್ಯೆ ಮಾರನೇ ದಿನದಿಂದ, ಅಜ್ಜಿ."

"ಹಾಗಾದ್ರೆ ಇನ್ಮೇಲೆ ತುಳಸಿ ಕಡೆ ಕಿಟಕಿ ತೆಗೆದೇ ಇಟ್ಕೋಮ್ಮ. ಒಳಗೆ ಗಾಳಿ ಆಡ್ಲಿ."

ಸ್ಟೂಲಿನ ಮೇಲಿದ್ದ ಅಕ್ಕ ನಾಲಿಗೆ ಕಚ್ಚಿಕೊಂಡಳು.