ವಿಜ್ಞಾನ ಶಿಕ್ಷಕರ ಪೂರ್ವಸೇವಾ ಶಿಕ್ಷಣ

ಶಾಲಾ ಮಕ್ಕಳಿಗೆ ವಿಜ್ಞಾನವನ್ನು ಬೋಧಿಸಲಿರುವ ಪ್ರಶಿಕ್ಷಣಾರ್ಥಿಗಳನ್ನು ವೃತ್ತಿಗೆ ಸೇರುವ ಮುನ್ನ ಸಿದ್ಧಪಡಿಸುವ ವ್ಯವಸ್ಥೆಯನ್ನು ವಿಜ್ಞಾನ ಶಿಕ್ಷಕರ ಪೂರ್ವಸೇವಾ ಶಿಕ್ಷಣ ಎನ್ನುತ್ತಾರೆ. ಭಾರತದಲ್ಲಿ ಪ್ರಾಥಮಿಕ ಹಂತಕ್ಕೆ ಡಿ.ಎಲ್.ಎಡ್. ಹಾಗೂ ಪ್ರೌಢಶಾಲಾ ಹಂತಕ್ಕೆ ಬಿ.ಎಡ್. ಇದರ ಪ್ರಮುಖ ಕೋರ್ಸುಗಳಾಗಿವೆ.

ಹಿನ್ನೆಲೆ

1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಆರಂಭವಾದವು. ವಿಜ್ಞಾನ ವಿಷಯಗಳನ್ನೂ ಬೋಧನಾಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಸಂಯೋಜಿತ ಪದವಿ ಇವುಗಳ ವೈಶಿಷ್ಟ್ಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಸ್ಥಾಪನೆಗೊಂಡವು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಒಂದು ವರ್ಷದ ಬಿ.ಎಡ್. ಕೋರ್ಸನ್ನು ಎರಡು ವರ್ಷಗಳಿಗೆ ವಿಸ್ತರಿಸಿತು.

ವಿಷಯಜ್ಞಾನ ಮತ್ತು ಬೋಧನಾಜ್ಞಾನ

ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರು ಎಂದು ಹೇಳಲಾಗದು. ನಿರ್ದಿಷ್ಟ ವಿಷಯವೊಂದನ್ನು ಮಕ್ಕಳು ಎಲ್ಲಿ ತಪ್ಪಾಗಿ ಗ್ರಹಿಸುತ್ತಾರೆ, ಯಾವ ಉದಾಹರಣೆಯಿಂದ ಅದು ಸ್ಪಷ್ಟವಾಗುತ್ತದೆ ಎಂಬ ಅರಿವೂ ಶಿಕ್ಷಕರಿಗೆ ಅಗತ್ಯ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಈ ಅರಿವನ್ನು ಶಿಕ್ಷಕರ ಜ್ಞಾನದ ಪ್ರತ್ಯೇಕ ಪ್ರಕಾರವೆಂದು ಗುರುತಿಸಿದರು.

ಚಂದ್ರನ ಕಲೆಗಳು ಇದಕ್ಕೆ ಉತ್ತಮ ನಿದರ್ಶನ. ಭೂಮಿಯ ನೆರಳು ಬೀಳುವುದರಿಂದ ಚಂದ್ರ ಕ್ಷೀಣಿಸುತ್ತಾನೆ ಎಂದು ಅನೇಕ ಮಕ್ಕಳು ಭಾವಿಸುತ್ತಾರೆ. ಪದವೀಧರರಲ್ಲಿಯೂ ಈ ಕಲ್ಪನೆ ಉಳಿದಿರುವುದುಂಟು. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಮೊದಲು ತಾವೇ ಒಂದು ತಿಂಗಳ ಕಾಲ ಚಂದ್ರನನ್ನು ವೀಕ್ಷಿಸಿ ದಾಖಲಿಸುವುದು ಉಪಯುಕ್ತ. ಶುಕ್ಲಪಕ್ಷದ ಅಷ್ಟಮಿಯ ಸುಮಾರಿಗೆ, ಸೂರ್ಯ ಪಶ್ಚಿಮದಲ್ಲಿ ಮುಳುಗುವಾಗ ಅರ್ಧಚಂದ್ರ ಆಕಾಶದಲ್ಲಿ ಎತ್ತರದಲ್ಲಿರುತ್ತಾನೆ. ಭೂಮಿಯ ನೆರಳಾದರೋ ಸೂರ್ಯನಿಗೆ ನೇರ ವಿರುದ್ಧ ದಿಕ್ಕಿನಲ್ಲಿರುತ್ತದೆ. ಹೀಗಾಗಿ ಆ ನೆರಳು ಚಂದ್ರನ ಮೇಲೆ ಬಿದ್ದಿರಲು ಸಾಧ್ಯವಿಲ್ಲವೆಂಬುದು ವೀಕ್ಷಣೆಯಿಂದಲೇ ತಿಳಿಯುತ್ತದೆ. ಬಳಿಕ ಕತ್ತಲೆಯ ಕೋಣೆಯಲ್ಲಿ ಒಂದು ಬಲ್ಬು ಹಾಗೂ ಚೆಂಡನ್ನು ಬಳಸಿ ನಿಜವಾದ ಕಾರಣವನ್ನು ತೋರಿಸಬಹುದು. ಚೆಂಡಿನ ಅರ್ಧಭಾಗ ಸದಾ ಬೆಳಗಿರುತ್ತದೆ. ಆ ಭಾಗ ನಮಗೆ ಎಷ್ಟು ಕಾಣುತ್ತದೆ ಎಂಬುದು ಮಾತ್ರ ಬದಲಾಗುತ್ತದೆ.

ಬೋಧನಾಭ್ಯಾಸ

1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯಲ್ಲಿ ಪ್ರಶಿಕ್ಷಣಾರ್ಥಿಯು ಚಿಕ್ಕ ಗುಂಪಿಗೆ ಕೆಲವೇ ನಿಮಿಷ ಪಾಠ ಮಾಡಿ, ಪ್ರಶ್ನೆ ಕೇಳುವಂತಹ ಒಂದೇ ಕೌಶಲವನ್ನು ರೂಢಿಸಿಕೊಳ್ಳುತ್ತಾನೆ. ಹಿಮ್ಮಾಹಿತಿ ಪಡೆದು ಅದೇ ಪಾಠವನ್ನು ತಿದ್ದಿ ಮತ್ತೆ ಬೋಧಿಸುತ್ತಾನೆ. ಅನಂತರ ಶಾಲೆಯಲ್ಲಿ ಪಾಠಯೋಜನೆಯೊಡನೆ ಪೂರ್ಣಾವಧಿಯ ತರಗತಿಗಳನ್ನು ನಡೆಸುತ್ತಾನೆ. ಮಕ್ಕಳ ತಪ್ಪು ಉತ್ತರವನ್ನು ಅಲ್ಲಗಳೆಯದೆ ಅದರ ಹಿಂದಿನ ತರ್ಕವನ್ನು ಅರಿಯುವುದು ಈ ಹಂತದಲ್ಲಿ ಕಲಿಯಬೇಕಾದ ಮುಖ್ಯ ಅಂಶ. ಪ್ರಯೋಗಗಳನ್ನು ಸ್ವತಃ ಮಾಡದೆ ಕೇವಲ ಉಪನ್ಯಾಸದಿಂದ ಕಲಿತವರು ತರಗತಿಯಲ್ಲಿಯೂ ಉಪನ್ಯಾಸವನ್ನೇ ಅವಲಂಬಿಸುವ ಸಾಧ್ಯತೆ ಹೆಚ್ಚು.