ಎಣಿಸದೆ ಹಿಂದಿರುಗಿಸಿದ ಗೋಣಿ

ಮಂಗಳೂರಿನ ಬಂದರಿನ ಗೋದಾಮೊಂದರಲ್ಲಿ ಒಬ್ಬನು ಒಂದೇ ಗೋಣಿ ಇರಿಸಿ, ಚೀಟಿಯಲ್ಲಿ 64 ಎಂದು ಬರೆದನೆನ್ನಿ. ಗುಮಾಸ್ತನು ಎಣಿಸದೆ, ಚೀಟಿಯನ್ನೇ ನಂಬಿ, ಪಕ್ಕದವರ ಸರಕನ್ನೂ ಸೇರಿಸಿ ಹಿಂದಿರುಗಿಸಿದರೆ ಗತಿಯೇನು? ಜಾಲತಾಣಗಳ ವ್ಯವಹಾರವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ನಡೆದುದು ಇದೇ. 2012ರ ಮಾರ್ಚ್‌ನ 1.0.1 ಆವೃತ್ತಿಯೊಡನೆ ಹೊರಬಂದ ಈ ಲೋಪವು ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಿಂದ 2014ರ ಏಪ್ರಿಲ್ 7ರಂದು ಬಯಲಾಯಿತು. ಸಂಪರ್ಕ ಉಳಿದಿದೆಯೇ ಎಂದು ವಿಚಾರಿಸುವ ಪುಟ್ಟ ಸಂದೇಶದಲ್ಲಿ ಅದರ ಉದ್ದವನ್ನು ಸುಳ್ಳು ಹೇಳಿದರೆ ಸಾಕು, ಸರ್ವರ್ ತನ್ನ ಸ್ಮೃತಿಕೋಶದಿಂದ ಪ್ರತಿ ಬಾರಿ 64 ಕಿಲೋಬೈಟ್‌ವರೆಗೆ ಒಪ್ಪಿಸಿಬಿಡುತ್ತಿತ್ತು. ಅದರಲ್ಲಿ ಗ್ರಾಹಕರ ಪಾಸ್‌ವರ್ಡ್ ಇರಬಹುದಿತ್ತು. ಕೆಲವೊಮ್ಮೆ ಗೂಢಲಿಪಿಯ ಖಾಸಗಿ ಕೀಲಿಯೇ ಇರಬಹುದಿತ್ತು.

ಅದೇ ದಿನ ಬಂದ 1.0.1ಜಿ ಆವೃತ್ತಿಯ ಪರಿಹಾರ ಕೆಲವೇ ಸಾಲುಗಳದು. ಹೇಳಿದ ಉದ್ದವನ್ನು ಬಂದ ಸಂದೇಶದೊಡನೆ ತಾಳೆ ನೋಡುವುದು, ಹೊಂದದಿದ್ದರೆ ತಿರಸ್ಕರಿಸುವುದು, ಅಷ್ಟೇ. ಆದರೆ ಕಳವಿನ ಗುರುತು ಸರ್ವರಿನ ಸಾಮಾನ್ಯ ದಾಖಲೆಗಳಲ್ಲಿ ಉಳಿಯುತ್ತಿರಲಿಲ್ಲ. ಆದುದರಿಂದ ತೇಪೆ ಹಾಕಿದ ಮೇಲೂ ಕೀಲಿ, ಪ್ರಮಾಣಪತ್ರ, ಪಾಸ್‌ವರ್ಡ್ ಮೂರನ್ನೂ ಬದಲಿಸಬೇಕಾಯಿತು. ಬಹುಮಂದಿ ಮರೆತದ್ದು ಈ ಎರಡನೆಯ ಕೆಲಸವನ್ನೇ.

ಬಾಡಿಗೆ ಸರ್ವರಿನಲ್ಲಿ ತಾಣವಿರಿಸಿಕೊಂಡ ಗೇರುಬೀಜ ರಫ್ತುದಾರರಾಗಲಿ, ಇತರ ವರ್ತಕರಾಗಲಿ, ಇಂತಹ ದೋಷ ಪ್ರಕಟವಾದಾಗಲೆಲ್ಲ ತೇಪೆ ಹಾಕಿದ ದಿನಾಂಕವನ್ನೂ ಕೀಲಿ ಬದಲಿಸಿದ ದಿನಾಂಕವನ್ನೂ ಸೇವಾ ಸಂಸ್ಥೆಯಿಂದ ಬರಹದಲ್ಲಿ ಪಡೆಯುವುದು ಲೇಸು.