ಸೊಂಟದಿಂದ ಕಾಲಿಗಿಳಿಯುವ ನೋವು: ಬೆನ್ನೆಲುಬಿನ ಕೀಲುಗುಳ್ಳೆ



ಟಿ.ಬಿ. ಡ್ಯಾಂ ಕೆಳಗಿನ ರಾಯ, ಬಸವ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು, ಬಾಳೆಯ ಕೆಲಸಕ್ಕೆ ಬಿಡುವೆಂಬುದಿಲ್ಲ. ನಾಟಿಗೆ ಬಾಗಬೇಕು, ಬಾಳೆಗೊನೆ ಹೊರಬೇಕು, ಗೊಬ್ಬರದ ಚೀಲ ಎತ್ತಬೇಕು. ಸೊಂಟ ನೋವು ಬಂದರೆ ದುಡಿಮೆಯ ನೋವೆಂದು ಸುಮ್ಮನಾಗುವುದು ವಾಡಿಕೆ. ಆದರೆ ನೋವು ಸೊಂಟದಿಂದ ತೊಡೆ, ಮೀನಖಂಡದ ಮೂಲಕ ಪಾದದವರೆಗೆ ಇಳಿಯುತ್ತಿದ್ದರೆ, ಕಾಲಿಗೆ ಹೋಗುವ ನರ ಬೆನ್ನೆಲುಬಿನ ಬಳಿ ಒತ್ತಡಕ್ಕೆ ಸಿಕ್ಕಿರಬಹುದು. ಹೀಗೆ ಒತ್ತುವುದು ಬಹುಮಟ್ಟಿಗೆ ಜಾರಿದ ಡಿಸ್ಕ್. ವಯಸ್ಸು 50–60 ದಾಟಿದವರಲ್ಲಿ ಕೀಲುಗುಳ್ಳೆಯೂ ಕಾರಣವಾಗಬಹುದು.

ಗುಳ್ಳೆ ಆಗುವುದು ಹೇಗೆ?

ಬೆನ್ನೆಲುಬಿನ ಮಣಿಗಳು ಹಿಂಬದಿಯಲ್ಲಿ ಎಡಬಲದ ಚಿಕ್ಕ ಕೀಲುಗಳಿಂದ ಒಂದಕ್ಕೊಂದು ಕೂಡಿಕೊಂಡಿವೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಈ ಕೀಲುಗಳೊಳಗೆ ಒಂದು ದ್ರವವಿದೆ. ವಯಸ್ಸಾದಂತೆ ಕೀಲು ಸವೆದು ಸಡಿಲವಾದಾಗ ಒಳಪೊರೆ ಹೊರಗೆ ಉಬ್ಬಿ, ದ್ರವ ತುಂಬಿದ ಚಿಕ್ಕ ಚೀಲವಾಗುತ್ತದೆ. ಅದು ನರವಿರುವ ಕಡೆಗೆ ಬೆಳೆದರೆ ಕಾಲು ಸೆಳೆಯುತ್ತದೆ. ಸೊಂಟದ 4 ಮತ್ತು 5ನೆಯ ಮಣಿಗಳ ನಡುವೆ ಇದು ಹೆಚ್ಚು. ಇದು ಕ್ಯಾನ್ಸರ್ ಅಲ್ಲ, ಹೆದರಬೇಕಿಲ್ಲ.

ಗುರುತಿಸುವುದು

ನಿಂತಾಗ, ನಡೆದಾಗ ಕಾಲುನೋವು ಹೆಚ್ಚಿ, ಕುಳಿತಾಗ ಅಥವಾ ಮುಂದಕ್ಕೆ ಬಾಗಿದಾಗ ಇಳಿಯುವುದು ಸಾಮಾನ್ಯ. ಡಿಸ್ಕ್ ನೋವು ಹೆಚ್ಚಾಗಿ ಬಾಗಿದಾಗ, ಕೆಮ್ಮಿದಾಗ ಏರುತ್ತದೆ. ಇವು ಕುರುಹುಗಳು ಮಾತ್ರ. ಎಕ್ಸ್‌ರೇಯಲ್ಲಿ ಮೂಳೆಯ ಸವೆತ, ಮಣಿಯ ಜಾರುವಿಕೆ ಕಾಣುತ್ತದೆ, ಗುಳ್ಳೆ ಕಾಣುವುದಿಲ್ಲ. ಅದಕ್ಕೆ ಎಂ.ಆರ್.ಐ. ಪರೀಕ್ಷೆ ಬೇಕು.

ಚಿಕಿತ್ಸೆ

ಕೆಲವರಲ್ಲಿ ಗುಳ್ಳೆ ತಾನಾಗಿಯೇ ಕುಗ್ಗುತ್ತದೆ. ಮೊದಲು ಭಾರದ ಕೆಲಸ ಬಿಟ್ಟು, ವೈದ್ಯರು ಹೇಳಿದ ಮಾತ್ರೆ, ವ್ಯಾಯಾಮ ಅನುಸರಿಸಿ. ಇದರಿಂದ ಗುಣ ಕಾಣದಿದ್ದರೆ ಕೀಲಿಗೆ ಚುಚ್ಚುಮದ್ದು ಕೊಡುವುದುಂಟು. ಆದರೂ ನೋವು ಉಳಿದರೆ ಶಸ್ತ್ರಕ್ರಿಯೆಯಿಂದ ಗುಳ್ಳೆ ತೆಗೆಯುತ್ತಾರೆ. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಸೊಂಟ ತುಳಿಸುವುದು, ಬರೆ ಹಾಕಿಸುವುದು ಬೇಡ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ತಡಮಾಡಬಾರದ ಲಕ್ಷಣಗಳು

1. ಮೂತ್ರ ಕಟ್ಟುವುದು, ಇಲ್ಲವೆ ಮಲಮೂತ್ರದ ಹಿಡಿತ ತಪ್ಪುವುದು.
2. ಗುದ, ಜನನಾಂಗದ ಸುತ್ತ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು.
3. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕಾಲಿನ ಬಲ ಕುಂದುವುದು.

ಇವುಗಳಲ್ಲಿ ಒಂದು ಕಂಡರೂ ಅಂದೇ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆ ಸೇರಿರಿ. ತಡವಾದರೆ ನರದ ಹಾನಿ ಶಾಶ್ವತವಾಗಿ ಉಳಿಯಬಹುದು.

ಕೆಲಸದಲ್ಲಿ ಎಚ್ಚರ

ಕೀಲಿನ ಸವೆತವನ್ನು ಪೂರ್ತಿ ತಡೆಯಲಾಗದು. ಸೊಂಟದ ಹೊರೆಯನ್ನು ಇಳಿಸಬಹುದು. ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ ತೂಗುತ್ತದೆ. ಇವನ್ನು ಇಬ್ಬರು ಹಿಡಿದು, ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಮೈಗೆ ಹತ್ತಿರ ಇಟ್ಟುಕೊಂಡು ಎತ್ತಿರಿ. ನಾಟಿ, ಕಳೆ ಕೆಲಸದ ನಡುವೆ ಆಗಾಗ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿರಿ. ಮನೆಯ ಹಿರಿಯರು ಕಾಲು ಸೆಳೆತವೆಂದರೆ ವಯಸ್ಸಿನ ದೋಷವೆಂದು ತಳ್ಳಿಹಾಕದೆ, ಒಮ್ಮೆ ವೈದ್ಯರಿಗೆ ತೋರಿಸಿರಿ.